ತಣ್ಣನೆಯ ಇಂಜಿನ್ನು, ನಿಲ್ಲದ ಫ್ಯಾನು

ಕೀಲಿ ಮನೆಯೊಳಗೆ ಮೊಳೆಗೆ ನೇತಾಡುತ್ತಿತ್ತು. ಅಂಗಳದಲ್ಲಿ ನಿಂತ ಕಾರಿನ, ಇಂಜಿನ್ನು ತಂಪು ಮಾಡುವ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು — ನರಳುತ್ತ, ಸೋಲುತ್ತ.

ಚಾಲಕ ಬಾಲಪ್ಪ ಮುಂದಿನ ಗಾಲಿಯ ಮೇಲೆ ಹರಿಯುತ್ತಿದ್ದ ಇರುವೆಗಳ ಸಾಲನ್ನು ಬಟ್ಟೆಯಿಂದ ಒರೆಸಿ, ಕೀಲಿ ತಂದು ತಿರುವಿದ. ಗಾಡಿ ಏಳಲಿಲ್ಲ. ಬ್ಯಾಟರಿ ಬಸಿದುಹೋಗಿತ್ತು. ವಾರದಲ್ಲಿ ಇದು ಎರಡನೆಯ ಸಲ.

ಒಂಬತ್ತಕ್ಕೆ ಕೊಪ್ಪಳದಲ್ಲಿ ಕಸ್ತೂರೆಮ್ಮನಿಗೆ ಡಯಾಲಿಸಿಸ್. ಯಲಬುರ್ಗಾದಿಂದ ಗಂಟೆಯ ದಾರಿ. ಈಗ ಏಳು. ಊದಿದ ಕಾಲು ಇಳಿಬಿಟ್ಟು ಆಕೆ ಕಟ್ಟೆಯ ಮೇಲೆ ಕಾಯುತ್ತಿದ್ದಳು.

ಆಕೆಯ ಮಗ, ಕಡಲೆ ವ್ಯಾಪಾರಿ ಕಲ್ಲೇಶ, ಬಾಲಪ್ಪನ ಕೈಯಿಂದ ಕೀಲಿ ಕಿತ್ತುಕೊಂಡ.

“ನಿನ್ನೆ ರಜಾ ಕೇಳಿದ್ದಿ. ಕೊಡಲಿಲ್ಲ. ಅದಕ್ಕ ವೈರ್ ತಿರುವಿಟ್ಟಿ. ಹೌದಲ್ಲೋ?”

“ಇಲ್ರಿ ಸಾವ್ಕಾರ್ರ. ಅಮ್ಮಾರ ಜೀವದ ಜೋಡಿ ಆಟ ಆಡ್ತೀನೇನ್ರಿ?”

“ಮತ್ತ ಯಾರು, ದೆವ್ವ ತಿರುಗಸ್ತೈತೇನು? ನಾಳಿಂದ ಬರಬ್ಯಾಡ.”

ತಪ್ಪು ಯಾರದೆಂದು ತಿಳಿಯುವ ಮೊದಲೇ ದುಡಿಯುವವನ ಹೆಸರು ಬರೆದುಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಇಂಥ ಕಳಂಕ ಹೊತ್ತವನಿಗೆ ಊರಲ್ಲಿ ಇನ್ನಾರು ಗಾಡಿ ಕೊಟ್ಟಾರು?

ಗದ್ದಲ ಕೇಳಿ ಪಕ್ಕದ ಮನೆಯ ಮಲ್ಲೇಶ್ವರಿ ಟೀಚರ್ ಬಂದರು. ವಿಜ್ಞಾನ ಕಲಿಸಿ ನಿವೃತ್ತರಾದವರು. ಕಲ್ಲೇಶನೂ ಅವರ ಶಿಷ್ಯನೇ.

“ಕಲ್ಲೇಶ, ಇಂಜಿನ್ ಮುಟ್ಟಿ ನೋಡಿದೇನು?”

“ಇಲ್ರಿ ಟೀಚರ್.”

“ಮುಟ್ಟದೇ ತೀರ್ಪು ಕೊಟ್ಟಿ. ಸಾಲ್ಯಾಗೂ ನೀ ಹಿಂಗ — ಲೆಕ್ಕ ಮಾಡದೇ ಉತ್ತರ ಬರೀತಿದ್ದಿ. ಬಾಲಪ್ಪ, ಬಾನೆಟ್ ತೆಗಿ. ಬಿಸಿ ಐತೇನು?”

“ತಣ್ಣಗ ಐತ್ರಿ.”

“ಕಾಯ್ದಿಲ್ಲ, ಕೀಲಿನೂ ಹಚ್ಚಿಲ್ಲ. ಆದ್ರೂ ಕರೆಂಟ್ ಹೊಂಟೈತಿ. ಫ್ಯಾನಿನ ರಿಲೇ ಎಲ್ಲೈತಿ?”

ಬ್ಯಾಟರಿಯ ಪಕ್ಕದ ಕಪ್ಪು ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅದನ್ನು ತೆಗೆದು, ಫ್ಯಾನಿಗೆ ಕರೆಂಟು ಬಿಡುವ ಪುಟ್ಟ ರಿಲೇಯನ್ನು ಬಾಲಪ್ಪ ಕಿತ್ತ. ಫ್ಯಾನು ಥಟ್ಟನೆ ನಿಂತಿತು.

ರಿಲೇ ಕೂತಿದ್ದ ಗುಳಿಯಲ್ಲಿ ಹಸಿರು ಕಿಲುಬು. ಅದರ ಸುತ್ತ — ಇರುವೆಗಳು.

“ವೈರಿನ ಡಬ್ಬಿಗೆ ಇರುವಿ ಯಾಕ ಬಂದಾವು?”

“ಗಾಲಿ ಮ್ಯಾಲೂ ಇದ್ವರಿ. ನಾನ ಒರಸಿಬಿಟ್ಟೆ.”

“ನಿನ್ನ ಸಾಕ್ಷಿನ ನೀನ ಒರಸಿದಿ.” ಟೀಚರ್ ಗುಳಿಯ ಅಂಚಿನಿಂದ ಕುಂಕುಮ ಮೆತ್ತಿದ ತೆಂಗಿನ ನಾರೊಂದನ್ನು ಎತ್ತಿ ಹಿಡಿದರು. “ಹೋದ ಹುಣ್ಣಿವಿ ಪೂಜಾದ ದಿನ ಗಾಡಿ ಯಾರು ಓಡಿಸಿದ್ರು?”

ಅಂದು ಬಾಲಪ್ಪನನ್ನು ಕರೆದಿರಲಿಲ್ಲ.

“ನಾನ ಹುಲಿಗಿ ಗುಡಿಗೆ ಒಯ್ದಿದ್ದೆ,” ಎಂದ ಕಲ್ಲೇಶ ಮೆಲ್ಲಗೆ. “ಕಾಯಿ ಒಡದು, ಇಂಜಿನ್ನಿಗೂ ತಾಗಲಿ ಅಂತ ನೀರು…”

“ಆ ಸಿಹಿ ಕಾಯಿನೀರಿಗೆ ಇರುವಿ ಬಂದಾವು. ಅದ ನೀರು ಡಬ್ಬಿ ಸಂದ್ಯಾಗ ಇಳಿದು ತಾಮ್ರ ತಿಂದೈತಿ. ಬೆಳಗಿನ ಇಬ್ಬನಿಗೆ ಹಸಿಯಾಗಿ ಕೀಲಿ ಇಲ್ಲದನ ಕರೆಂಟ್ ಹಾಯಸ್ತೈತಿ. ಅಪರಾಧಿ ನೀನ, ಕಲ್ಲೇಶ.”

“ಪೂಜಾ ಮಾಡಿದ್ದು ತಪ್ಪೇನ್ರಿ?”

“ಪೂಜಾ ತಪ್ಪಲ್ಲ. ಅಲ್ಲಿ ನೀರು ಹಾಕಿದ್ದು ಅಜ್ಞಾನ. ಅದಕ್ಕ ಕ್ಷಮಾ ಐತಿ. ನೋಡದೇ, ಕೇಳದೇ ಇವನ ಮ್ಯಾಲೆ ತಪ್ಪು ಹಾಕಿದ್ಯಲ್ಲ — ಅದು ಅಪರಾಧ.”

ಬಾಲಪ್ಪ ಕಿಲುಬು ಕೆರೆದು ಒಣಬಟ್ಟೆಯಿಂದ ಒರೆಸಿ ರಿಲೇ ಕೂರಿಸಿದ. ಫ್ಯಾನು ಮೌನವಾಗಿತ್ತು. ಎದುರುಮನೆಯ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದರು. ಸ್ಟೀರಿಂಗಿನ ಮುಂದೆ ಕುಳಿತು ಕಲ್ಲೇಶ ಕೀಲಿ ತಿರುವಿದ. ಇಂಜಿನ್ನು ಎದ್ದಿತು. ಏಳೂ ನಲವತ್ತು.

ಕಸ್ತೂರೆಮ್ಮ ಗೋಡೆ ಹಿಡಿದು ಎದ್ದಳು.

“ಇಳಿ, ಕಲ್ಲೇಶ. ವರ್ಷದಿಂದ ನನ್ನ ಜೀವ ಬಾಲಪ್ಪನ ಕೈಯಾಗ ಐತಿ. ನೀ ಹಿಂದ ಕುಂದ್ರು.”

ಕಲ್ಲೇಶ ಇಳಿದ. ಬಾಲಪ್ಪ ಹತ್ತುವವರೆಗೂ ಬಾಗಿಲನ್ನು ತಾನೇ ಹಿಡಿದು ನಿಂತ.