ತಿರುವಿನಲ್ಲಿ ನಿಂತವನು

ಯಂತ್ರದ ಆಸನ ಎಡಕ್ಕೆ ವಾಲಿತು. ಬಿಸಿಗಾಳಿ ಮುಖಕ್ಕೆ ರಾಚಿತು, ಹಲ್ಲಿನ ನಡುವೆ ಮರಳು ಕರಕರ ಎಂದಿತು. ಶಶಿಕಲಾ ಬೆಟಗೇರಿ ಹುಬ್ಬಳ್ಳಿಯ ಒಂದು ಕೋಣೆಯಲ್ಲಿ ಕುಳಿತೇ ಥಾರ್ ಮರುಭೂಮಿಯಲ್ಲಿ ಬೈಕು ಓಡಿಸುತ್ತಿದ್ದಳು. ಮುಂದೆ, ದಾರಿ ಎರಡಾಗಿ ಒಡೆಯುವ ಕಡೆ, ಹಳದಿ ಜಾಕೆಟ್ಟಿನ ಸವಾರನೊಬ್ಬ ಬೈಕು ನಿಲ್ಲಿಸಿಕೊಂಡು ಅವಳನ್ನೇ ನೋಡುತ್ತಿದ್ದ. ಅವಳು ಗಾಬರಿಯಿಂದ ಗುಂಡಿ ಒತ್ತಿ ಲಡಾಖನ್ನು ಆರಿಸಿದಳು. ಮಂಜಿನ ಬೆಟ್ಟದ ತಿರುವಿನಲ್ಲೂ ಅದೇ ಹಳದಿ ಜಾಕೆಟ್ಟು, ಒಂದು ಕೈ ಎತ್ತಿಕೊಂಡು. ಅವಳು ಇಳಿದುಬಿಟ್ಟಳು.

ಈ ಮುನ್ಸವಾರಿ ಯಂತ್ರ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೇಸಿಗೆಯಲ್ಲಿ ಕಚ್ಚಾ ದಾರಿಯ ಸವಾರಿಗೆ ಹೊರಡುವವರ ಪಾಡು ಗೊತ್ತಿರುವುದೇ. ಒಬ್ಬನಿಗೆ ಮರಳುಗಾಡು ಬೇಕು, ಇನ್ನೊಬ್ಬನಿಗೆ ಬೆಟ್ಟ. ಎತ್ತು ಏರಿಗೆ, ಕೋಣ ನೀರಿಗೆ. ಇದಕ್ಕೆ ಮದ್ದು ಹುಡುಕಿದವರು ಡಾಕ್ಟರ್ ತಬಸ್ಸುಮ್ ಮುಲ್ಲಾ; ಈ ಕೋಣೆಯಲ್ಲಿ ಪರದೆಯ ಮುಂದೆ ಕುಳಿತವರೂ ಅವರೇ. ಸವಾರ ಎಲ್ಲಿ ವಾಲುತ್ತಾನೆ, ಎಲ್ಲಿ ಬ್ರೇಕು ಹಿಡಿಯುತ್ತಾನೆ, ಯಾವಾಗ ಕನ್ನಡಿ ನೋಡುತ್ತಾನೆ ಎಂಬ ರೂಢಿಯನ್ನೆಲ್ಲ ಯಂತ್ರ ಅವನ ಸ್ನಾಯುಗಳಿಂದಲೇ ಓದುತ್ತದೆ. ಅದಕ್ಕೆ ಬರುವ ತಿಂಗಳ ಹವಾಮಾನ ಸೇರಿಸಿ, ಅವನು ಆ ದಾರಿಯಲ್ಲಿ ಹೇಗೆ ಹೋಗುತ್ತಾನೋ ಹಾಗೇ ಲೆಕ್ಕ ಹಾಕಿ ತೋರಿಸುತ್ತದೆ. ಮೊದಲು ಸವಾರಿ, ಆಮೇಲೆ ಪ್ರಯಾಣ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಇದು ಎಷ್ಟೋ ವಾಸಿ ಎಂದು ಜನ ನಗುತ್ತಿದ್ದರು.

ಅವಳ ಜೊತೆಗಾರರಾದ ಚನ್ನಪ್ಪ, ಫಕ್ಕೀರಪ್ಪ ಒಬ್ಬರಾದ ಮೇಲೊಬ್ಬರು ಯಂತ್ರ ಹತ್ತಿ ಇಳಿದರು. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು.

“ಡಾಕ್ಟರ, ನಾವಿರೋದು ಮೂರ ಮಂದಿ,” ಎಂದ ಚನ್ನಪ್ಪ. “ಕನ್ನಡಿಯೊಳಗ ನೋಡಿದ್ರ ನನ್ನ ಹಿಂದ ಶಶಿಕಲಾ ಅಕ್ಕಾರು, ಅವರ ಹಿಂದ ಮತ್ತೊಬ್ಬ ಬರಾಕತ್ತಾನ್ರಿ.”

“ನನಗೂ ಕಂಡ್ರಿ,” ಎಂದ ಫಕ್ಕೀರಪ್ಪ. “ಹಳದಿ ಜಾಕೀಟು.”

“ಅದು ನಮ್ಮಣ್ಣ ಈರಣ್ಣ,” ಎಂದ ಚನ್ನಪ್ಪ.

ಕಚ್ಚಾ ದಾರಿಯ ಸವಾರರಲ್ಲಿ ಒಂದು ಕಟ್ಟುಪಾಡುಂಟು. ದಾರಿ ಒಡೆಯುವಲ್ಲಿ, ಹಿಂದಿನವನು ಕಣ್ಣಿಗೆ ಬೀಳುವ ತನಕ ಮುಂದಿನವನು ನಿಲ್ಲಬೇಕು. ಕೈ ತೋರಿಸಿಯೇ ತಿರುಗಬೇಕು. ಎರಡು ಬೇಸಿಗೆಗಳ ಹಿಂದೆ ಸ್ಪಿತಿ ಕಣಿವೆಯಲ್ಲಿ, ಆಣಿಕಲ್ಲು ಸುರಿಯುತ್ತಿದ್ದಾಗ, ಕೊನೆಯಲ್ಲಿದ್ದ ಈರಣ್ಣ ತಪ್ಪು ದಾರಿ ಹಿಡಿದು ಹೊಳೆಯ ಕೊರಕಲಿಗೆ ಬಿದ್ದ. ನಾಲ್ಕನೆಯ ದಿನ ಹೆಣ ಸಿಕ್ಕಿತು. ಅವನ ಮುಂದೆ ಇದ್ದವಳು ಶಶಿಕಲಾ. ಕಾಲು ತಾಸು ನಿಂತೆ, ಬರಲೇ ಇಲ್ಲ ಎಂದು ಅವಳು ಹೇಳಿದ್ದಳು. ಅಂದಿನಿಂದ ಚನ್ನಪ್ಪ ಪ್ರತಿ ನಾಗರ ಪಂಚಮಿಗೆ ಅವಳನ್ನು ಒಡಹುಟ್ಟಿದವಳಂತೆ ಮನೆಗೆ ಕರೆದು ಉಂಡಿ ಕೊಡುತ್ತಿದ್ದ. ಆ ಉಂಡಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ದೆವ್ವ ಪಿಶಾಚಿ ಏನಲ್ಲರಿ,” ಎಂದರು ಡಾಕ್ಟರ್ ಮುಲ್ಲಾ. “ಅವರು ಹೋಗ್ಯಾರ ಅನ್ನೋದು ನಿಮ್ಮ ಮನಸ್ಸಿಗೆ ಗೊತ್ತದ, ಮೈಗೆ ಗೊತ್ತಿಲ್ಲ. ಪ್ರತಿ ತಿರುವಿನ್ಯಾಗೂ ಅವರ ಸಲುವಾಗಿ ವೇಗ ಇಳಸ್ತೀರಿ, ಕನ್ನಡಿ ನೋಡ್ತೀರಿ. ಯಂತ್ರ ಅದನ್ನ ಓದಿ ಅಲ್ಲೊಬ್ಬರನ್ನ ಇಟ್ಟದ. ಹಳದಿ ಜಾಕೀಟು ತೊಡಿಸಿದ್ದು ನಿಮ್ಮ ನೆನಪು.”

ಚನ್ನಪ್ಪ ಕಣ್ಣೊರೆಸಿಕೊಂಡು ಶಶಿಕಲಾಳ ಕಡೆ ತಿರುಗಿದ. “ಅಕ್ಕಾರ, ನಿಮ್ಮ ಹಿಂದನೂ ಇದ್ದನಲ್ಲ?”

ಅವಳು ತಲೆ ತಗ್ಗಿಸಿದಳು. ಡಾಕ್ಟರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

“ಇವರ ಹಿಂದ ಯಾರೂ ಇಲ್ಲ. ತಿರುವಿನ್ಯಾಗ ಇವರ ಕೈ ವೇಗ ಇಳಸೋದಿಲ್ಲ. ಮೈ ಮಾತ್ರ ಹಿಂದಕ್ಕ ಜಗ್ಗತದ, ಎದುರಿಗೆ ಯಾರೋ ನಿಂತಾರ ಅನ್ನೋಹಂಗ. ಅದಕ್ಕ ಯಂತ್ರ ಅವರನ್ನ ಮುಂದ ನಿಲ್ಲಿಸೇದ. ಯಾವ ಊರು ಆರಿಸಿದ್ರೂ ಹಂಗ. ಯಾಕೋ ತಿಳೀವಲ್ದು.”

“ನಿಮ್ಮ ಯಂತ್ರ ಕೆಟ್ಟದ ತಗೀರಿ,” ಎಂದು ಚನ್ನಪ್ಪ ರೇಗಿದ. “ಆ ಆಣಿಕಲ್ಲಿನ್ಯಾಗ ನಮ್ಮಣ್ಣನ ಸಲುವಾಗಿ ಕಾಲ ತಾಸು ನಿಂತಾರ ಅಕ್ಕಾರು!”

ಶಶಿಕಲಾ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ನಂಬಲು ಎಲ್ಲರೂ ತಯಾರಿದ್ದರು. ಆದರೆ ಅವನು ತನ್ನ ಪರವಾಗಿ ಜಗಳಕ್ಕೆ ನಿಂತದ್ದನ್ನು ಅವಳಿಗೆ ಸಹಿಸಲಾಗಲಿಲ್ಲ.

“ನಾ ನಿಂತಿದ್ದಿಲ್ಲ, ಚನ್ನಪ್ಪ,” ಎಂದಳು. “ಚಳಿ ತಡೀಲಾರದ ಹೋಗಿಬಿಟ್ಟೆ. ತಿರುಗಿ ಸುದ್ದಾ ನೋಡಲಿಲ್ಲ.”

ಫಕ್ಕೀರಪ್ಪ ಗೋಡೆಗೆ ಒರಗಿದ. ಚನ್ನಪ್ಪ ಯಂತ್ರದ ಖಾಲಿ ಆಸನದ ಕಡೆ ನೋಡಿದ. ಆಮೇಲೆ ಅವನು ಕೇಳಿದ್ದು ಒಂದೇ ಮಾತು.

“ಅಲ್ಲಿ ನಿಂತಾನಲ್ಲ, ಸಿಟ್ಟಾಗ್ಯಾನೇನು?”

“ಇಲ್ಲ. ಕೈ ತೋರಸ್ತಾನ. ಹಿಂಗ ತಿರುಗು ಅಂತ.”

ಚನ್ನಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಅವನ ದನಿ ಬೇರೆಯೇ ಆಗಿತ್ತು.

“ಸ್ಪಿತಿ ಅಂತ ಬರಕೋರಿ ಡಾಕ್ಟರ. ಅದ ದಾರಿ. ಈ ಸಲ ಇವರು ಕಡೀಕ ಬರಲಿ, ಇವರ ಮುಂದ ನಾ ಹೋಗತೀನಿ. ತಿರುವಿನ್ಯಾಗ ನಿಂದರತೀನೋ ಇಲ್ಲೋ, ಈಗ ನನಗ ಗೊತ್ತಿಲ್ಲ.”

“ಅದನ್ನೂ ಯಂತ್ರ ಲೆಕ್ಕ ಹಾಕಿ ಹೇಳತದ,” ಎಂದು ಡಾಕ್ಟರು ಗುಂಡಿಯ ಕಡೆ ಕೈ ಚಾಚಿದರು. “ಎರಡು ನಿಮಿಷದ ಕೆಲಸ.”

“ಬ್ಯಾಡ್ರಿ,” ಎಂದಳು ಶಶಿಕಲಾ. “ಬಂದ್ ಮಾಡ್ರಿ ಅದನ್ನ. ನಾ ಕಡೀಕ ಬರತೀನಿ.”