ಮೇಣ ಕರಗದ ಗಂಟು

ದೂರು ಕೊಡಲು ಬಂದವರು ಠಾಣೆಯ ಹೊಸ್ತಿಲಲ್ಲೇ ಅರ್ಧ ಧೈರ್ಯ ಕಳೆದುಕೊಳ್ಳುತ್ತಾರೆ. ಮಧು ಹಾಗಲ್ಲ. 2025ರ ಜುಲೈ 8, ಮಂಗಳವಾರ, ಬೆಳಿಗ್ಗೆ 10.20ಕ್ಕೆ ಟೈಪು ಮಾಡಿಸಿದ ದೂರನ್ನು ಪಿಎಸ್‌ಐ ಅಂಬಿಕಾಳ ಮೇಜಿನ ಮೇಲಿಟ್ಟು, ಯಾರೂ ಹೇಳದೆಯೇ ಕುರ್ಚಿ ಎಳೆದುಕೊಂಡು ಕೂತ. ಚಿಂಬಲ್ ಗುಡ್ಡದ ಮೇಲಿನ ‘ಆಸರೊ’ ವೃದ್ಧನಿವಾಸ ಅವನದು. ಬೆಳಗಾವಿಯಿಂದ ಬಂದು ಪಣಜಿಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗ. ಧಾರವಾಡದಿಂದ ಬಂದ ಅಂಬಿಕಾಳ ತಂದೆಯದು ಕಿರಾಣಿ ಅಂಗಡಿ. ಎರಡೂ ಮನೆಗಳಿಗೆ ಮದುವೆಗೆ ಕರೆಯುವಷ್ಟು ಬಳಕೆಯಿತ್ತು. ಕುರ್ಚಿ ಎಳೆದುಕೊಳ್ಳುವ ಸಲಿಗೆ ಅಲ್ಲಿಂದ ಬಂದದ್ದು.

ದೂರು ಸಣ್ಣದು. ವಾರ್ಡು ಒರೆಸುವ ಆಯಾ ಜೈನಬ, ನಿನ್ನೆ ಸಂಜೆ ಐದಕ್ಕೆ, ಡ್ರೆಸ್ಸಿಂಗ್ ಡ್ರಮ್ ಒಂದನ್ನು ಒಯ್ದಿದ್ದಳು. ಗಾಯಕ್ಕೆ ಕಟ್ಟುವ ಬಟ್ಟೆಯ ಗಂಟುಗಳನ್ನು ಆವಿಯಲ್ಲಿ ಬೇಯಿಸಿ ಇಡುವ ಸ್ಟೀಲ್ ಡಬ್ಬಿ ಅದು.

“ಕದ್ದು ಹೋದ್ಲೋ, ಎಲ್ಲಾರ ಮುಂದ ಹೋದ್ಲೋ?”

“ಎಲ್ಲಾರ ಮುಂದನ ಹೋಗ್ಯಾಳ್ರಿ. ‘ಮಾಲಕರಿಗೆ ಪೊಲೀಸ್ ಕಂಪ್ಲೇಂಟ್ ಕೊಡಾಕ ಹೇಳು’ ಅಂತ ವಾಚ್‌ಮನ್‌ಗೆ ಹೇಳಿ ಹೋಗ್ಯಾಳ. ಸೊಕ್ಕು ನೋಡ್ರಿ.”

“ಡಬ್ಬಿ ಇಲ್ದ ಕೆಲಸ ನಿಂತೈತೇನು?”

“ಇಲ್ರಿ, ಇನ್ನೊಂದು ಐತಿ. ಗುರುವಾರ ಮುಂಜಾನೆ ಎಂಟಕ್ಕ ಹನ್ನೊಂದು ಮಂದಿ ಗಾಯ ಕಟ್ಟೂದೈತಿ, ಅದರಾಗ ಆಗ್ತೈತಿ. ಆದ್ರ ಆ ಡಬ್ಬಿ ನನಗ ಇವತ್ತ ಬೇಕು.”

ಇನ್ನೊಂದು ಇದ್ದರೂ ಇದೇ ಬೇಕು, ಅದೂ ಇವತ್ತೇ. ಅಂಬಿಕಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. 11.05ಕ್ಕೆ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂ ಪ್ರಕಾರ, ಕೆಲಸದಾಳು ಮಾಡಿದ ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಒಂದಕ್ಕೆ ಅಂಬಿಕಾ ಮತ್ತು ಹೆಡ್ ಕಾನ್‌ಸ್ಟೇಬಲ್ ಲಾಲಪ್ಪ ಚಿಂಬಲ್ಲಿನ ಚಾಳಿಗೆ ಹೋದರು. ಸಾಲು ಕೋಣೆಗಳು, ಮಳೆಗೆ ಒಣಗದ ಬಟ್ಟೆ, ಕೆಲಸಕ್ಕೆ ಹೋದವರ ಮುಚ್ಚಿದ ಬಾಗಿಲುಗಳು. ಜೈನಬಳ ಬಾಗಿಲು ಮಾತ್ರ ಹಾರುಹೊಡೆದಿತ್ತು. ನಲವತ್ತೈದು ದಾಟಿದ ಹೆಂಗಸು. ನೆಂಟರ ದಾರಿ ಕಾಯುವವಳ ಹಾಗೆ ಕೂತಿದ್ದಳು.

“ಡಬ್ಬಿ ಎಲ್ಲೈತಿ?” ಲಾಲಪ್ಪ ಗದರಿದ.

“ಐತ್ರಿ. ಮೊದಲ ಇಬ್ಬರು ಪಂಚರನ್ನ ಕರೀರಿ. ಅವರ ಮುಂದ ತೋರಸ್ತೇನಿ.”

“ಭಾಳ ಕಾಯ್ದೆ ಕಲ್ತಿ ಬಿಡವಾ!”

“ಸಾವರ್ಡೆದಾಗ ಪೊಲೀಸರು ಪಂಚರಿಲ್ದ ನನ್ನ ತಮ್ಮ ದಾವಲಮಲಿಕನ ಟ್ರಕ್ ಹಿಡಿದಾಗ ಕಲ್ತೇನ್ರಿ.”

ಲಾಲಪ್ಪ ಹೊರಗೆ ಹೋದ. ಪಕ್ಕದ ಚಹಾದಂಗಡಿಯಿಂದ ಇಬ್ಬರು ಪಂಚರು ಬಂದರು. ಮಡಚಿಟ್ಟ ಕೌದಿಗಳ ಕೆಳಗಿನಿಂದ ಡಬ್ಬಿ ಹೊರಬಂತು. ಒಳಗೆ ಒಂಬತ್ತು ಗಂಟುಗಳು, ಪ್ರತಿಯೊಂದರ ಮೇಲೂ ಅಂಟುಪಟ್ಟಿ. ಆವಿಯ ಕಾವು ತಾಗಿದರೆ ಆ ಪಟ್ಟಿಯ ಬಿಳಿ ಗೆರೆಗಳು ತಾವಾಗಿಯೇ ಕಪ್ಪಾಗುತ್ತವೆ. ಬಟ್ಟೆ ಬೆಂದದ್ದಕ್ಕೆ ಅದೇ ಸಾಕ್ಷಿ. ಒಂಬತ್ತರ ಗೆರೆಗಳೂ ಕಪ್ಪಾಗಿದ್ದವು.

“ಗಂಟು ಚಲೋನ ಅದಾವಲ್ಲ. ಯಾಕ ಒಯ್ದ್ರಿ?” ಅಂಬಿಕಾ ಕೇಳಿದಳು.

“ಚಲೋ ಇಲ್ರಿ, ಮೇಡಂ. ಹಸೀ ಅದಾವು. ಒಂದೂ ಬೆಂದಿಲ್ಲ.”

“ಹೆಂಗ ಹೇಳ್ತೀರಿ?”

ಜೈನಬ ಗಂಟಿನ ಅಂಚಿನ ಹೊಲಿಗೆ ತೋರಿಸಿದಳು. “ಈ ಸುತ್ತುಬಟ್ಟಿ ನಾನ ಹೊಲದದ್ದು, ಹಳೇ ಚಾದರದಾಗ. ನಮ್ಮವ್ವ ಕೌದಿ ಹೊಲಿಯೂವಾಗ ದಾರಕ್ಕ ಮೇಣ ಹಚ್ತಿದ್ಲು, ನಾನೂ ಹಂಗ ಹಚ್ತೇನಿ. ಮೊದಲನೇ ಸಲ ಆವಿ ಮಶೀನಿಗೆ ಹೋತಂದ್ರ ಮೇಣ ಕರಗಿ ಹೊಲಿಗಿ ಗುಂಟ ಕಲಿ ಬೀಳ್ತೈತಿ. ಹೋದ ವರ್ಷ ಮಾಲಕರು ಆ ಕಲಿ ಸಲುವಾಗಿ ನನಗ ಬೈದಿದ್ರು. ಈ ಸಲ ಬಕ್ರೀದ್ ಆದಮ್ಯಾಲೆ ಹೊಸಾವು ಹೊಲದ ಕೊಟ್ಟೆ. ತಿಂಗಳಾತು, ಯಾರೂ ಬೈಲಿಲ್ಲ. ಯಾಕ ಬೈಲಿಲ್ಲ ಅಂತ ನೋಡಿದೆ. ಕಲಿನ ಇಲ್ಲ.”

ಅಂಬಿಕಾ ದಾರವನ್ನು ಕೆರೆದಳು. ಉಗುರಿಗೆ ಮೇಣ ಬಂತು.

“ಗೆರಿ ಹೆಂಗ ಕಪ್ಪಾದ್ವು ಮತ್ತ?”

“ಅದನ್ನ ನೀವ ಹುಡುಕ್ರಿ. ಪಗಾರ ನಿಮಗೈತಿ.”

ಲಾಲಪ್ಪ ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದ. ಅಂಬಿಕಾ ಜೀಪಿನಿಂದ ಸ್ಯಾನಿಟೈಸರ್ ತರಿಸಿ, ಹತ್ತಿಗೆ ಹಚ್ಚಿ, ಪಟ್ಟಿಯ ಮೇಲೆ ಉಜ್ಜಿದಳು. ಹತ್ತಿ ಕಪ್ಪಾಯಿತು. ಗೆರೆ ಮತ್ತೆ ಬಿಳಿಯಾಯಿತು. ಯಾರೋ ಕೂತು ಒಂದೊಂದೇ ಗೆರೆಯನ್ನು ಮಾರ್ಕರ್ ಪೆನ್ನಿನಲ್ಲಿ ತುಂಬಿದ್ದರು.

“ಇಷ್ಟು ಗೊತ್ತಿದ್ದಾಕಿ ಸ್ಟೇಷನ್ನಿಗೆ ಬಂದು ದೂರು ಕೊಡಬೇಕಿತ್ತಲ್ಲ?”

“ನಾನು ಬಂದಿದ್ರ ನನ್ನ ಬೆಂಚಿನ ಮ್ಯಾಲೆ ಕುಂದರಸ್ತಿದ್ರಿ. ನೆಲಾ ಒರಸಾಕಿ ಮಾತು ಯಾರು ಬರಕೋತಾರ? ಮಾಲಕರು ಕೊಟ್ರು, ಮೂರು ತಾಸಿನಾಗ ಮನೀತನಕ ಬಂದ್ರಿ.”

ಅಂಬಿಕಾಳಿಗೆ ನಾಚಿಕೆಯಾಯಿತು. ಬೆಂಚು ಅವಳ ಠಾಣೆಯದೇ. ಅದರ ಮೇಲೆ ಯಾರು ಯಾರು ಎಷ್ಟು ಹೊತ್ತು ಕೂತಿರುತ್ತಾರೆಂದು ಅವಳಿಗೆ ಗೊತ್ತಿತ್ತು.

“ನಮ್ಮ ವಾರ್ಡಿನ ಮುದುಕಿ ದಾನವ್ವಾಯಿ ಸತ್ತದ್ದು ಈ ತಿಂಗಳು ಎರಡಕ್ಕ,” ಜೈನಬ ಅಂದಳು. ಆ ವಾರ್ಡಿನಲ್ಲಿ ಕನ್ನಡ ಮಾತಾಡುವವರು ಅವರಿಬ್ಬರೇ ಇದ್ದದ್ದು. “ಮಲಗಿ ಮಲಗಿ ಬೆನ್ನಾಗ ಸಣ್ಣ ಗಾಯ ಆಗಿತ್ತು. ಈ ಬಟ್ಟಿ ಕಟ್ಟಿ ಕಟ್ಟಿ ಮುಷ್ಟಿಯಷ್ಟು ಆತು. ಕಾಗದದಾಗ ವಯಸ್ಸಾಗಿತ್ತು ಅಂತ ಬರದ್ರು. ವಯಸ್ಸು ಕೊಳಿತೈತೇನ್ರಿ? ಹೇಳಾಕ ಹೋದ್ರ ‘ನೀ ನೆಲಾ ಒರಸು’ ಅಂದ್ರು. ನನ್ನ ಜೇಲಿಗೆ ಹಾಕ್ತೀರಿ ಹಾಕ್ರಿ, ಆದ್ರ ಗುರುವಾರ ಆ ಇನ್ನೊಂದು ಡಬ್ಬಿ ತಗೀಬಾರ್ದು.”

2.15ಕ್ಕೆ ಪಂಚನಾಮೆ ಮುಗಿದು ಡಬ್ಬಿಗೆ ಸೀಲು ಬಿತ್ತು. ಜೈನಬಳಿಗೆ ನೋಟಿಸು ಕೊಟ್ಟು ಮನೆಯಲ್ಲೇ ಬಿಟ್ಟರು. ದಾನವ್ವನನ್ನು ಸುಟ್ಟು ವಾರವಾಗಿತ್ತು, ಶವಪರೀಕ್ಷೆಯ ಮಾತೇ ಇರಲಿಲ್ಲ. ಆದರೆ ಸಾಯುವ ಮೂರು ದಿನ ಮೊದಲು ಅವಳನ್ನು ಸರ್ಕಾರಿ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿ ತೆಗೆದ ಕೀವಿನ ವರದಿ ಬುಧವಾರ ಸಿಕ್ಕಿತು. ಆಸರೊದಿಂದಲೇ ತೋರಿಸಲು ಬಂದಿದ್ದ ಇನ್ನೂ ಮೂವರ ಗಾಯದಲ್ಲಿ ಅದೇ ರೋಗಾಣು ಇತ್ತು.

ಅದೇ ದಿನ 11 ಗಂಟೆಗೆ ಆರೋಗ್ಯ ಕೇಂದ್ರದ ವೈದ್ಯರ ಎದುರು, ಪಂಚರನ್ನು ನಿಲ್ಲಿಸಿಕೊಂಡು, ಸೀಲು ಒಡೆದು ಒಂದು ಗಂಟಿಗೆ ಹೊಸ ಪಟ್ಟಿ ಅಂಟಿಸಿ ಅಲ್ಲಿನ ಆಟೋಕ್ಲೇವ್‌ನಲ್ಲಿಟ್ಟರು. ಕುಕ್ಕರಿನಂತೆ ಆವಿ ತುಂಬಿಕೊಂಡು ಕ್ರಿಮಿ ಕೊಲ್ಲುವ ಯಂತ್ರ. ಅರ್ಧ ತಾಸಿನ ಮೇಲೆ ತೆಗೆದಾಗ ಹೊಲಿಗೆಯುದ್ದಕ್ಕೂ ಮೇಣ ಕರಗಿ ಕಲೆ ಹರಡಿತ್ತು. ಪಟ್ಟಿಯ ಗೆರೆ ಕಪ್ಪಾಗಿತ್ತು, ಸ್ಪಿರಿಟ್ ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ. “ಕೌದಿ ಹೊಲಿಯಾಕಿ ಗೆದ್ಲ್ರಿ, ಮೇಡಂ,” ಎಂದ ಲಾಲಪ್ಪ.

ಸಂಜೆ ಆರಕ್ಕೆ ತಂದೆಯ ಫೋನು ಬಂತು. “ಮಧು ಅಂಗಡಿಗೆ ಬಂದಿದ್ದ. ನಮ್ಮ ಪೈಕಿ ಹುಡುಗವಾ. ಒಂದು ಡಬ್ಬಿ ಸಲುವಾಗಿ ಇಷ್ಟ್ಯಾಕ?”

“ಅಪ್ಪಾ, ನಾಳೆ ನಿಮ್ಮ ಬೆನ್ನಾಗ ಗಾಯ ಆದ್ರ ಆ ಡಬ್ಬಿ ಬಟ್ಟಿ ಕಟ್ಟಿಸ್ಕೋತೀರೇನು?”

ಆ ಕಡೆ ಅವರು ತಕ್ಕಡಿಯಲ್ಲಿ ಏನನ್ನೋ ತೂಗಿದ ಸದ್ದಾಯಿತು. ಆಮೇಲೆ ಅವರು, “ಊಟಕ್ಕ ಬರ್ತೀಯೇನು?” ಅಂದರು.

ಮೇಲಧಿಕಾರಿ, ನಿರ್ಲಕ್ಷ್ಯದ ಕಲಂ ಹಾಕಿದರೆ ಸಾಕಲ್ಲವೇ ಎಂದು ಸಲಹೆ ಕೊಟ್ಟರು. ಅಂಬಿಕಾ ಒಪ್ಪಲಿಲ್ಲ. ಮರೆತು ಬೇಯಿಸದಿದ್ದರೆ ನಿರ್ಲಕ್ಷ್ಯ. ಬೆಂದಿಲ್ಲವೆಂದು ಗೊತ್ತಿದ್ದೂ ಗೆರೆ ತುಂಬಿದರೆ ಅದಕ್ಕೆ ಬೇರೆ ಹೆಸರಿದೆ. ಹೊಸ ಎಫ್‌ಐಆರ್‌ನಲ್ಲಿ 105ನೇ ಕಲಂ ಬರೆದಳು. ಸಾವು ತರಬಹುದೆಂಬ ಅರಿವಿದ್ದೂ ಮಾಡಿದ ಕೃತ್ಯ.

ಗುರುವಾರ, 10ನೇ ತಾರೀಖು, ಬೆಳಿಗ್ಗೆ 7.35. ಆಸರೊದ ಗೇಟಿನಲ್ಲಿ ದೊಡ್ಡ ಹಲಗೆ: ‘ಸೋಂಕಿಲ್ಲದ ದಿನಗಳು’. ವಾಚ್‌ಮನ್ ಆಗತಾನೇ 814 ಎಂದು ಅಂಕಿ ಬದಲಿಸಿದ್ದ. ದಾನವ್ವ ಸತ್ತ ದಿನವೂ ಅದು ಒಂದು ಹೆಚ್ಚಾಗಿತ್ತು. ಒಳಗೆ ನರ್ಸ್ ಮಂಗಲಾ ಎರಡನೇ ಡಬ್ಬಿಗೆ ಕೈ ಹಾಕಿದ್ದಳು.

“ಮುಟ್ಟಬ್ಯಾಡ್ರಿ,” ಅಂಬಿಕಾ ಹೇಳಿದಳು. “ಮಶೀನಿನ ಖೋಲಿ ಕೀಲಿ ಯಾರ ಹತ್ರ?”

“ಸರ್ ಹತ್ರರಿ. ಮಶೀನು ಮೇ ತಿಂಗಳದಾಗ ಕೆಟ್ಟಿತ್ತು, ಪತ್ರ ಬರದ ಕೊಟ್ಟಿದ್ದೆ. ರಿಪೇರಿ ಆತು, ಇನ್ನ ಮ್ಯಾಲೆ ನಾನ ನೋಡ್ಕೋತೇನಿ ಅಂದ್ರು. ಗೆರಿ ಕಪ್ಪಿದ್ವು, ನಂಬಿದೆ.”

ಮಧು ಕೀಲಿ ಕೊಡಲು ಹೆಚ್ಚು ಸತಾಯಿಸಲಿಲ್ಲ. ಕೋಣೆಯಲ್ಲಿ ಯಂತ್ರದ ಬಾಯಿಗೆ ಜೇಡ ಬಲೆ ನೇಯ್ದಿತ್ತು. ಪಕ್ಕದಲ್ಲಿ ರಿಜಿಸ್ಟರು: ದಿನವೂ ‘121 ಡಿಗ್ರಿ, 30 ನಿಮಿಷ, ಸರಿ’, ಕೆಳಗೆ ಅವನ ಸಹಿ. ಮೇಜಿನ ಖಾನೆಯಲ್ಲಿ ಮೂರು ಕಪ್ಪು ಮಾರ್ಕರ್, ಎರಡು ಖಾಲಿ.

“ರಿಪೇರಿ ಯಾಕ ಮಾಡಿಸ್ಲಿಲ್ಲ?”

“ಕಂಪನಿಯವರು ಬಂದ್ರ ಬೇಯದ ಬಟ್ಟಿ ಕಟ್ಟೇವಿ ಅಂತ ರಿಪೋರ್ಟ್ ಆಗ್ತೈತ್ರಿ. ಹಲಗಿ ಮತ್ತ ಸೊನ್ನಿಗೆ ಬರ್ತಿತ್ತು.”

“ಬಂದ್ರ ಬರ್ಲಿ.”

ಮಧು ಗೋಡೆಯ ಕಡೆ ನೋಡಿದ. ಅಲ್ಲಿ ಅವನ ತಾಯಿಯ ಫೋಟೋ ಇತ್ತು. “ನಮ್ಮವ್ವ ಸಣ್ಣ ಆಪರೇಷನ್ನಿಗೆ ದವಾಖಾನಿಗೆ ಹೋದಾಕಿ ವಾಪಸ್ ಬರಲಿಲ್ಲ. ಸೋಂಕು ಹತ್ತಿತ್ತು. ನನ್ನ ಮನ್ಯಾಗ ಯಾರಿಗೂ ಹಂಗ ಆಗಬಾರ್ದು ಅಂತ ಅವ್ವಗ ಮಾತು ಕೊಟ್ಟು ಈ ಹಲಗಿ ಹಾಕ್ಸಿದೆ. ಅದನ್ನ ಸೊನ್ನಿ ಮಾಡಾಕ ನನ್ನ ಕೈ ಬರಲಿಲ್ರಿ.”

“ಅವ್ವಗ ಕೊಟ್ಟ ಮಾತು ಕಾಯೂದು ದಾನವ್ವನ ಬೆನ್ನಾಗ ಇತ್ತು. ನೀವು ಹಲಗಿ ಕಾಯ್ದ್ರಿ.”

8.40ಕ್ಕೆ ಅವನು ಬಂಧನದ ಮೆಮೊಗೆ ಸಹಿ ಹಾಕಿದ. ರಿಜಿಸ್ಟರಿನಲ್ಲಿದ್ದಷ್ಟೇ ಓರಣವಾದ ಸಹಿ. ಹೇಳಿಕೆಯಲ್ಲಿ ಅಂಬಿಕಾ ಅವನ ತಾಯಿಯ ವಿಷಯವನ್ನೂ ಬರೆಸಿದಳು, ಅದು ನಿಜವಾಗಿತ್ತು.

ಆರೋಗ್ಯ ಕೇಂದ್ರದವರು ಬೇಯಿಸಿ ಕೊಟ್ಟ ಬೇರೆ ಗಂಟುಗಳನ್ನು ಹಿಡಿದು ಜೈನಬ ಗೇಟಿನಲ್ಲಿ ನಿಂತಿದ್ದಳು. ಅವಳ ಮೇಲಿನ ಕಳವಿನ ಕೇಸಿಗೆ ಬಿ ವರದಿ ಹೋಗುವುದಿತ್ತು. ಜೀಪು ಹತ್ತುವಾಗ ಮಧು ಅಭ್ಯಾಸದಂತೆ ಹಲಗೆಯತ್ತ ನೋಡಿದ. ಅವನ ಕಣ್ಣೆದುರೇ ಜೈನಬ ಸ್ಟೂಲು ಹತ್ತಿ 8 ತೆಗೆದಳು, 1 ತೆಗೆದಳು, 4 ತೆಗೆದಳು, ವಾಚ್‌ಮನ್‌ನಿಂದ ಸೊನ್ನೆ ಇಸಿದುಕೊಂಡು ಸಿಕ್ಕಿಸಿದಳು.

“ಅದು ಕೇಸಿನ ಮುದ್ದೆಮಾಲು ಆಗ್ತೈತೇನ್ರಿ, ಮೇಡಂ?” ಲಾಲಪ್ಪ ಕೇಳಿದ.

“ಅಂಕಿ ಮೂರೂ ತಗೋ. ಸೊನ್ನಿ ಇರ್ಲಿ ಬಿಡು.”

ಜೈನಬ ಆಗಲೇ ಒಳಗೆ ಹೋಗಿ ನಲ್ಲಿ ಬಿಟ್ಟಿದ್ದಳು. ಮೊಣಕೈತನಕ ಸಾಬೂನು ಹಚ್ಚಿಕೊಂಡು, ಬೆರಳ ಸಂದಿಗಳನ್ನು ಬಿಡದೆ ಉಜ್ಜುತ್ತ, “ಮಂಗಲಾಬಾಯಿ, ನೀವೂ ಬರ್ರಿ, ಕೈ ತೊಳ್ಕೋರಿ, ಹನ್ನೊಂದು ಮಂದಿ ಕಾಯಾಕತ್ತಾರ,” ಎಂದು ಕೂಗಿದಳು.