ಖಾಲಿ ಪೋರ್ಟಿನ ಎದೆಬಡಿತ

"ಆಹ್ ಲಾನ್..."

ಸಿಯೂ ಲಾನ್‌ಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟವು.

ಮಟಮಟ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು, ಆಫೀಸಿನಲ್ಲಿ ಅವಳೊಬ್ಬಳೇ. ಕಿವಿಗೆ ಹೆಡ್‌ಫೋನ್, ಎದುರಿಗೆ ಪರದೆ. ಪೋರ್ಟು ಖಾಲಿ ಎಂದು ಪರದೆ ತೋರಿಸುತ್ತಿತ್ತು. ಅಂದರೆ ಆ ತುದಿಯಲ್ಲಿ ಏನನ್ನೂ ಸಿಕ್ಕಿಸಿಲ್ಲ, ಯಾರೂ ಇಲ್ಲ.

ಆದರೂ ಎದೆಬಡಿತ ಕೇಳುತ್ತಿತ್ತು. ಲಬ್‌ಡಬ್, ಲಬ್‌ಡಬ್... ಯಾರನ್ನೋ ಅಟ್ಟಿಸಿಕೊಂಡು ಬಂದವರ ಎದೆಯ ಹಾಗೆ ಜೋರಾಗಿ. ಅದರೊಳಗಿಂದ ಆ ದನಿ. ಬಾಯಿಂದ ಬಂದದ್ದಲ್ಲ, ಮಣ್ಣಿನಡಿಯಿಂದ ಎದ್ದು ಬಂದದ್ದು ಅನ್ನಿಸುವಂಥ ಮಂದ ದನಿ.

"ಆಹ್ ಲಾನ್... ಕೇಳಿಸ್ತಿದೆಯಾ?"

ಅವಳನ್ನು ಹಾಗೆ ಕರೆಯುವುದು ಮನೆಯವರು ಮಾತ್ರ. ಮನೆಯವರೆಂದು ಉಳಿದಿರುವುದು ಅಜ್ಜಿ ಒಬ್ಬಳೇ. ಮಿಕ್ಕವರೆಲ್ಲ ಗೋಡೆಯ ಮೇಲಿನ ಫೋಟೊಗಳಲ್ಲಿದ್ದಾರೆ...

ಕಿಟಕಿಯಿಂದ ಊದುಬತ್ತಿಯ ಹೊಗೆ ಬರುತ್ತಿತ್ತು. ಚೀನೀ ಪಂಚಾಂಗದ ಏಳನೇ ತಿಂಗಳು. ಸತ್ತವರು ಊರಿಗೆ ಮರಳಿ ಬೀದಿ ಸುತ್ತುವ ತಿಂಗಳು. ಮುಖ ಕಾಣದವರು ಹೆಸರು ಹಿಡಿದು ಕರೆದರೆ ತಿರುಗಬಾರದು, ಓಗೊಡಬಾರದು ಎಂದು ಅಜ್ಜಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಓಗೊಟ್ಟರೆ ಅವರ ಬೆನ್ನಿಗೆ ಹೊರಟ ಹಾಗೆಯೇ.

ಸಿಯೂ ಲಾನ್ ಓಗೊಡಲಿಲ್ಲ. ಪ್ರೋಗ್ರಾಮ್ ಮುಚ್ಚಿದಳು. ಹೆಡ್‌ಫೋನ್ ಕಿತ್ತೆಸೆದಳು. ಕುರ್ಚಿ ಹಿಂದಕ್ಕೆ ತಳ್ಳಿ, ಮರದ ಮೆಟ್ಟಿಲುಗಳನ್ನು ಧಡಧಡ ಇಳಿದು ಓಡಿದಳು.

ನಗಬೇಡಿ. ಕಂಪ್ಯೂಟರ್ ಕಲಿತವಳಿಗೆ ಇದೆಂಥ ಭಯ ಅಂತೀರಾ? ಪೆನಾಂಗಿನಲ್ಲಿ ಅವಳ ಬಾಸ್ ಟಾನ್ ಕೂಡ ಈ ತಿಂಗಳು ಹೊಸ ಕಾರು ಮನೆಗೆ ತರುವುದಿಲ್ಲ. ಬೀದಿ ನಾಟಕದ ಮುಂದಿನ ಸಾಲನ್ನು ಕಾಣದ ಅತಿಥಿಗಳಿಗೆಂದು ಖಾಲಿ ಬಿಟ್ಟು, ದೊಡ್ಡ ದೊಡ್ಡ ಇಂಜಿನಿಯರುಗಳೂ ಹಿಂದೆ ನಿಂತೇ ನೋಡುತ್ತಾರೆ.

ಅವಳ ಕೆಲಸವೇ ಒಂಥರಾ ಮಾಯೆಯ ಕೆಲಸ. ಸಮುದ್ರದಾಚೆ ಸಬಾದ ತುದಿಯಲ್ಲಿ ಕುಡಾಟ್ ಎಂಬ ಊರು. ಅಲ್ಲಿನ ಪುಟ್ಟ ಆಸ್ಪತ್ರೆಯಲ್ಲಿ ಯುಎಸ್‌ಬಿ ಸ್ಟೆತಸ್ಕೋಪನ್ನು ರೋಗಿಯ ಎದೆಗಿಟ್ಟರೆ, ಪೆನಾಂಗಿನ ವೈದ್ಯರು ಇಲ್ಲಿಂದಲೇ ಬಡಿತ ಕೇಳಬೇಕು. ಅದಕ್ಕಾಗಿ ಇಲ್ಲಿನ ಕಂಪ್ಯೂಟರಿಗೆ ಆ ಸಾಧನ ತನ್ನ ಮೈಗೇ ಸಿಕ್ಕಿಸಿದೆ ಎಂದು ನಂಬಿಸಬೇಕು. ಇಲ್ಲದ ಪೋರ್ಟನ್ನು ಇದೆ ಎನ್ನಿಸುವ ಆ ವರ್ಚುವಲ್ ಯುಎಸ್‌ಬಿ ಡ್ರೈವರ್ ಬರೆದವಳು ಸಿಯೂ ಲಾನ್.

ಕುಡಾಟ್ ತುದಿಯಲ್ಲಿದ್ದವನು ಮಾರ್ಸೆಲ್ ಗಿಂಬಾಂಗ್. ಸಬಾದ ಕಡಜಾನ್ ಬುಡಕಟ್ಟಿನ ಹುಡುಗ. ತರಬೇತಿಗೆಂದು ಒಮ್ಮೆ ಪೆನಾಂಗಿಗೆ ಬಂದಿದ್ದ. ಆಫೀಸಿನ ಕೆಳಗೆ ಪೊಪಿಯಾ ಎಂಬ ತರಕಾರಿ ಸುರುಳಿ ಸುತ್ತಿ ಮಾರುವ ಅವಳ ಅಜ್ಜಿಯ ಹತ್ತಿರ, ನಿಮ್ಮ ಖಾರ ನಮ್ಮೂರಿನ ಮಕ್ಕಳಿಗೆ ಸಾಲದು ಎಂದು ಹೇಳಿ ಬೈಸಿಕೊಂಡು, ಆಮೇಲೆ ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದಿದ್ದ. ಸಿಯೂ ಲಾನ್ ನಕ್ಕಿದ್ದಳು. ಆ ನಗು ಅವಳೊಳಗೆ ಇನ್ನೂ ಮುಗಿದಿರಲಿಲ್ಲ.

ಅವನು ತಿರುಗಿ ಹೋದ ಮೇಲೆ ದಿನವೂ ಪರೀಕ್ಷೆ. ಅವನು ಸ್ಟೆತಸ್ಕೋಪನ್ನು ತನ್ನ ಎದೆಗೇ ಇಟ್ಟುಕೊಳ್ಳುತ್ತಿದ್ದ, ಇವಳು ಕೇಳುತ್ತಿದ್ದಳು. ಇವಳ ಮಾತು ಅಲ್ಲಿಗೆ ತಲುಪಲು ಮೇಜಿನ ಮೇಲೊಂದು ಮೈಕು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಅವನ ಬಡಿತ ನಿಧಾನ, ನೆಮ್ಮದಿ. 'ನನ್ನದು ಮಾತ್ರ ಯಾಕೆ ಹೀಗೆ ಓಡುತ್ತದೆ?' ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಹೇಳುವ ಧೈರ್ಯ ಬಂದಿರಲಿಲ್ಲ.

ಆ ಮಧ್ಯಾಹ್ನದ ಮೇಲೆ ಮಾರ್ಸೆಲ್ ಬದಲಾಗಿಬಿಟ್ಟ.

ತಮಾಷೆ ನಿಂತಿತು. ಸಿಯೂ ಲಾನ್ ಎನ್ನುತ್ತಿದ್ದವನು ಮನೆತನದ ಹೆಸರು ಹಿಡಿದು ಮಿಸ್ ಖೋ ಎನ್ನತೊಡಗಿದ. ಸ್ಟೆತಸ್ಕೋಪನ್ನು ತನ್ನ ಎದೆಗೆ ಇಟ್ಟುಕೊಳ್ಳುವುದನ್ನೇ ಬಿಟ್ಟು ಪರೀಕ್ಷೆಯನ್ನು ನರ್ಸ್ ಕೈಗೆ ಕೊಟ್ಟ. ಕೊನೆಗೊಂದು ದಿನ ಟಾನ್ ಬಂದು, ಮಾರ್ಸೆಲ್ ಕೆಲಸ ಬಿಡುತ್ತಿದ್ದಾನೆ, ಶುಕ್ರವಾರ ಲಬುವಾನ್ ದ್ವೀಪಕ್ಕೆ ಹೊರಡುತ್ತಾನೆ, ಅಲ್ಲಿಂದ ಸಮುದ್ರದ ಮಧ್ಯದ ಎಣ್ಣೆಬಾವಿಯಲ್ಲಿ ಕೆಲಸ ಎಂದು ಹೇಳಿದ.

'ನಾನೇನು ಮಾಡಿದೆ?' ಎಂದುಕೊಂಡಳು ಅವಳು. 'ಇಷ್ಟು ದಿನ ನಕ್ಕಿದ್ದೆಲ್ಲ ಬರೀ ಕೆಲಸಕ್ಕಾ?' ಫೋನ್ ಕೈಗೆತ್ತಿಕೊಳ್ಳುವಳು, ಮತ್ತೆ ಕೆಳಗಿಡುವಳು. ಹೋಗುವವನನ್ನು ಬೇಡಿ ನಿಲ್ಲಿಸಿಕೊಳ್ಳುವುದೇ? ಅವಳೂ ಬಿಗಿದುಕೊಂಡಳು. ಅವನೂ ಬಿಗಿದುಕೊಂಡಿದ್ದ.

ಶುಕ್ರವಾರ ಬೆಳಿಗ್ಗೆ ಕುಡಾಟ್‌ನಿಂದ ದೂರು ಬಂತು. ನರ್ಸ್ ಒಂದು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟರೆ, ಪೆನಾಂಗಿನ ವೈದ್ಯರಿಗೆ ಮೊದಲು ಕೇಳಿಸಿದ್ದು ಮುದುಕನ ಬಡಿತವಂತೆ. ಆ ಮುದುಕ ಹಿಂದಿನ ದಿನವೇ ತೀರಿಕೊಂಡಿದ್ದನಂತೆ.

ಟಾನ್ ಕೊರಳಿನ ತಾಯಿತ ಮುಟ್ಟಿಕೊಂಡ. ಆಮೇಲೆ, ಇದನ್ನು ಇವತ್ತೇ ಸರಿಮಾಡು, ಒಬ್ಬರ ಎದೆ ಇನ್ನೊಬ್ಬರದು ಅಂತಾದರೆ ಜೀವಕ್ಕೇ ಅಪಾಯ ಎಂದು ಅವಳಿಗೆ ಹೇಳಿ ಹೋದ.

ಸಿಯೂ ಲಾನ್ ತಾನು ಬರೆದದ್ದನ್ನೇ ಮತ್ತೆ ಓದತೊಡಗಿದಳು. ಈ ತುದಿ ಒಂದೇ ಸಮನೆ ಕೇಳುತ್ತದೆ, ಆ ತುದಿ ಉತ್ತರ ಕಳಿಸುತ್ತದೆ. ನಡುವೆ ಕೇಳುವುದನ್ನು ನಿಲ್ಲಿಸಿದರೆ, ಸಾಧನ ಕಿತ್ತರೆ, ಲೈನು ತುಂಡಾದರೆ... ಆಗಲೇ ಹೊರಟ ಉತ್ತರ ಎಲ್ಲಿಗೆ ಹೋಗಬೇಕು? ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಕೇಳುವುದು ನಿಂತದ್ದು ತಿಳಿಯದೆ ಆ ತುದಿ ಕಳಿಸುತ್ತಲೇ ಇರುತ್ತದೆ, ಪರದೆ ಖಾಲಿ ಎಂದು ತೋರಿಸಿದರೂ ಅದೆಲ್ಲ ಪೋರ್ಟಿನ ಸರತಿಯಲ್ಲೇ ಕೂತಿರುತ್ತದೆ. ಮತ್ತೆ ಯಾರಾದರೂ ಕೇಳಿದಾಗ, ಹೊಸಬರಿಗಿಂತ ಮೊದಲು ಆ ಹಳೆಯದೇ ಎದ್ದು ಬರುತ್ತದೆ.

ಸರಿಪಡಿಸುವುದು ಕಷ್ಟವಿರಲಿಲ್ಲ. ಕೇಳುವುದು ನಿಂತ ಕೂಡಲೇ ಹಳೆಯ ಉತ್ತರಗಳನ್ನು ಹುಡುಕಿ ಚೆಲ್ಲಿಬಿಡಬೇಕು. ಊಟದ ಹೊತ್ತಿಗೆ ಹೊಸ ಡ್ರೈವರ್ ಸಿದ್ಧವಾಗಿತ್ತು. ಹಾಕಿದರೆ ಅವಳ ಪೋರ್ಟೂ ಸ್ವಚ್ಛ.

ಆಗ ಹೊಳೆಯಿತು. ಆ ಮಧ್ಯಾಹ್ನ ಅವಳು ಪ್ರೋಗ್ರಾಮ್ ಮುಚ್ಚಿದ್ದಳಲ್ಲ? ಹೆದರಿಕೆಗೆ ಅಂದಿನಿಂದ ಆ ಪೋರ್ಟನ್ನು ಮುಟ್ಟಿರಲಿಲ್ಲ, ನರ್ಸ್ ಜೊತೆಗಿನ ಪರೀಕ್ಷೆಯನ್ನೂ ಬೇರೆ ಪೋರ್ಟಿನಲ್ಲೇ ಮಾಡಿದ್ದಳು. ಹಾಗಾದರೆ ಆ ದನಿಯ ಬಾಲ ಇನ್ನೂ ಅದರೊಳಗೇ...

ಕೆಳಗಿಳಿದು ಅಜ್ಜಿಗೆ ಎಲ್ಲ ಹೇಳಿದಳು. ಯಾರೋ ಕರೆದರೆಂದು ಅಂದೇ ಹೇಳಿದ್ದಳು. ಎದೆಬಡಿತದ ವಿಷಯ ಹೇಳಿದ್ದು ಈಗಲೇ.

ಅಜ್ಜಿ ಪೊಪಿಯಾ ಸುತ್ತುವುದನ್ನು ನಿಲ್ಲಿಸಿ ಮೊಮ್ಮಗಳ ಮುಖ ನೋಡಿದಳು.

"ಲೇ ಮಂಕೇ, ಅದನ್ನ ಮೊದ್ಲೇ ಹೇಳೋದಲ್ವಾ? ಸತ್ತೋರಿಗೆ ಎಲ್ಲಿಂದ ಬರುತ್ತೆ ಎದೆಬಡಿತ? ಅದು ಜೀವ ಇರೋನೇ ಕಣೆ. ಹೋಗಿ ಯಾರು ಅಂತ ನೋಡು."

ಮೇಲೆ ಬಂದು ಕುಳಿತಳು. ಹೆಡ್‌ಫೋನ್ ಹಾಕಿದಳು. ಪೋರ್ಟು ಖಾಲಿ ಎಂದೇ ಪರದೆ ಹೇಳುತ್ತಿತ್ತು. ಕಣ್ಣು ಮುಚ್ಚಿ ಪ್ರೋಗ್ರಾಮ್ ತೆರೆದಳು.

ಲಬ್‌ಡಬ್, ಲಬ್‌ಡಬ್...

ಅದೇ ಓಟ, ಬಿಟ್ಟಲ್ಲಿಂದಲೇ. ಎಲ್ಲೋ ಒಂದು ಹಲ್ಲಿ ಲೊಚಗುಟ್ಟಿತು. ಆಮೇಲೆ ಕಿರ್ರನೆ ಕುರ್ಚಿ ಎಳೆದ ಸದ್ದು. ಹಿಂದೆಯೇ ಧಡಧಡ ಹೆಜ್ಜೆಗಳು, ಮರದ ಮೆಟ್ಟಿಲ ಮೇಲೆ, ದೂರ ದೂರವಾಗುತ್ತ...

ಆ ಹೆಜ್ಜೆಗಳು ಯಾರವು? ಅವು ಅವಳವೇ. ತಾನು ಓಡಿಹೋಗುವುದನ್ನು ತಾನೇ ಕೇಳುತ್ತಿದ್ದಳು, ಇನ್ನೊಬ್ಬರ ಎದೆಯ ಹತ್ತಿರ ಕುಳಿತು!

ಮೇಜಿನ ಮೈಕು. ಅದು ತೆರೆದೇ ಇತ್ತು. ಆಚೆ ಕುಳಿತವನು ಅವಳು ಎದ್ದು ಓಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದ.

"ಹೋದ್ರಾ?" ಎಂದಿತು ದನಿ. ಈಗ ಗುರುತು ಸಿಕ್ಕಿತು. ಎದೆಯ ಗೂಡಿನೊಳಗಿಂದ ಬಂದು ಮಂದವಾದ ಮಾರ್ಸೆಲ್‌ನ ದನಿ. "ಮನೆ ಹೆಸರು ಹಿಡಿದು ಕರೆದದ್ದು ತಪ್ಪಾಯ್ತೇನೋ... ನಿಮ್ಮಜ್ಜಿ ಹಾಗೆ ಕರೆದದ್ದು ಕೇಳಿದ್ದೆ. ನನಗೂ ಒಂದ್ಸಲ ಕರೀಬೇಕು ಅನ್ನಿಸ್ತು."

ಬಡಿತ ಇನ್ನೂ ಜೋರಾಯಿತು.

"ನೀವಲ್ಲಿ ಇಲ್ಲ ಅಂತ ಗೊತ್ತು. ಆದ್ರೂ ಹೇಳಿಬಿಡ್ತೀನಿ. ಬಾಯಲ್ಲಿ ಹೇಳಿದ್ರೆ ತಮಾಷೆ ಅಂತೀರ. ಅದಕ್ಕೇ ಇದನ್ನ ಎದೆ ಮೇಲಿಟ್ಕೊಂಡು ಹೇಳ್ತಿದೀನಿ. ನೀವಂದ್ರೆ ನಂಗೆ ಪ್ರಾಣ, ಆಹ್ ಲಾನ್. ನೀವು ಎದ್ದು ಹೋದ್ರಿ, ಅದೇ ಉತ್ತರ ಅಂತ ತಿಳ್ಕೋತೀನಿ. ಇನ್ಮೇಲೆ ತೊಂದರೆ ಕೊಡಲ್ಲ."

ಆಮೇಲೆ ಏನೂ ಇರಲಿಲ್ಲ. ಸರತಿ ಬರಿದಾಗಿತ್ತು. ಒಮ್ಮೆ ಕೇಳಿಸಿಕೊಂಡದ್ದು ಇನ್ನು ಎಲ್ಲಿಯೂ ಇಲ್ಲ.

ಸಿಯೂ ಲಾನ್ ಬಿಕ್ಕಿ ಬಿಕ್ಕಿ ಅತ್ತಳು. ಕಡಜಾನ್ ಮನೆಯಲ್ಲಿ ಹುಟ್ಟಿ, ಚರ್ಚಿನಲ್ಲಿ ಬೆಳೆದವನು... ಏಳನೇ ತಿಂಗಳಲ್ಲಿ ಕಾಣದವರಿಗೆ ಓಗೊಡಬಾರದು ಎಂದು ಅವನಿಗೆ ಹೇಳಿದವರಾದರೂ ಯಾರು?

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಆಸ್ಪತ್ರೆಗೆ ಮಾಡಿದಾಗ ನರ್ಸ್ ಸಿಕ್ಕಳು. ಮಾರ್ಸೆಲ್ ಬೀಗದಕೈ ಕೊಟ್ಟು ಈಗಷ್ಟೇ ಗೇಟಿನ ಕಡೆ ಹೋದ, ಬಸ್ಸು ನಿಂತಿದೆ ಎಂದಳು.

"ಅಕ್ಕಾ, ದಯವಿಟ್ಟು ಕರೀರಿ. ಒಂದೇ ಒಂದು ಪರೀಕ್ಷೆ ಬಾಕಿ ಇದೆ ಅನ್ನಿ. ಅವನ ಎದೆಯದೇ ಆಗ್ಬೇಕು."

ಕಣ್ಣೊರೆಸಿಕೊಳ್ಳುತ್ತ ಹೊಸ ಡ್ರೈವರ್ ಹಾಕಿದಳು. ಈ ಸಲ ಹಳೆಯದೊಂದು ಹನಿಯೂ ನಡುವೆ ಬರಕೂಡದು. ಏನು ಕೇಳಿದರೂ ಅದು ಈ ಕ್ಷಣದ್ದೇ ಆಗಿರಬೇಕು.

ಪರದೆ ಖಾಲಿ... ಖಾಲಿ... ಬಸ್ಸು ಹೊರಟೇಹೋಯಿತೇನೋ. ಬೀದಿಯಲ್ಲಿ ಯಾರೋ ಸತ್ತವರಿಗೆಂದು ಕಾಗದ ಸುಡುತ್ತಿದ್ದರು, ಸುಟ್ಟ ಚೂರೊಂದು ಕಿಟಕಿಯಿಂದ ತೇಲಿ ಬಂದು ಮೇಜಿನ ಮೇಲೆ ಕುಳಿತಿತು. ಅವಳು ಕದಲಲಿಲ್ಲ.

ಪೋರ್ಟು ತುಂಬಿತು.

ಮೊದಲ ಕ್ಷಣದಿಂದಲೇ ತಿಳಿಯಾದ ಬಡಿತ. ಗೇಟಿನಿಂದ ಓಡಿ ಬಂದವನ ಏದುಸಿರು.

"ಹೇಳಿ, ಮಿಸ್ ಖೋ. ಏನು ಪರೀಕ್ಷೆ?"

"ಅವತ್ತು ಕರೆದ ಹಾಗೆ ಒಂದ್ಸಲ ಕರೀರಿ."

ಉಸಿರು ನಿಂತಿತು. ಬಡಿತ ಮಾತ್ರ ನಿಲ್ಲಲಿಲ್ಲ.

"ಯಾಕೆ, ಮತ್ತೆ ಓಡಿಹೋಗೋಕಾ?"

"ಅವತ್ತು ಪೋರ್ಟು ಖಾಲಿ ಅಂತಿತ್ತು. ದೆವ್ವ ಕರೀತು ಅಂದ್ಕೊಂಡು ಓಡಿದೆ. ಇದು ಓಗೊಡಬಾರದ ತಿಂಗಳು ನಮ್ಗೆ. ನೀವು ಅಂತ ಗೊತ್ತಿದ್ರೆ..." ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ನೀವು ಹೇಳಿದ್ದೆಲ್ಲ ಇವತ್ತು ಸಿಕ್ತು. ನನ್ನ ಡ್ರೈವರಿನ ತಪ್ಪು. ಕರೀರಿ, ಮಾರ್ಸೆಲ್."

ಹೊರಗೆ ಬಸ್ಸಿನ ಹಾರ್ನ್ ಅವನ ಎದೆಯ ಮೂಲಕ ಕೇಳಿಸಿತು. ಅವನು ಏಳಲಿಲ್ಲ.

"ಆಹ್ ಲಾನ್..."

ಏಳನೇ ತಿಂಗಳ ನಡುಮಧ್ಯಾಹ್ನ, ಮುಖ ಕಾಣದವನೊಬ್ಬ ಹೆಸರು ಹಿಡಿದು ಕರೆದ. ಖೋ ಸಿಯೂ ಲಾನ್ ಓಗೊಟ್ಟಳು.

"ಓ..."

ಬಸ್ಸು ಹೊರಟುಹೋಯಿತು. ಇಬ್ಬರಿಗೂ ಕೇಳಿಸಿತು.

"ಇಷ್ಟು ಜೋರಾಗಿ ಬಡ್ಕೋತಿದೆಯಲ್ಲ," ಎಂದಳು ಅಳುತ್ತಲೇ ನಗುತ್ತ, "ಗೇಟಿಂದ ಓಡಿ ಬಂದದ್ದಕ್ಕಾ?"

"ಅಲ್ಲ. ಓಟದ್ದು ಆಗಲೇ ನಿಂತುಹೋಯ್ತು. ಇದು ನಿನ್ನದು."